ಮನೆಯೊಳಗಿನ ಕ್ಲೋಸಿಂಗ್ ಸ್ಟಾಕ್

1/9

ಫ್ರೆಂಡ್ಸ್, ಈ ಸಲದ ಸರಣಿ ಮನೆ ಕ್ಲೀನಿಂಗ್ ಬಗ್ಗೆ. ಒಂಬತ್ತು ಪೋಸ್ಟ್ ಬರುತ್ತೆ. ಯಾಕಂದ್ರೆ ಇಲ್ಲಿ ಕ್ಯಾಪ್ಶನ್ 2,200 ಅಕ್ಷರಕ್ಕೆ ನಿಂತುಹೋಗುತ್ತೆ, ನಮ್ಮ ಮನೆ ಸಾಮಾನಿನ ಕಥೆ ಅಷ್ಟರಲ್ಲಿ ಮುಗಿಯಲ್ಲ.

ಮೊದಲೇ ಹೇಳ್ಬಿಡ್ತೀನಿ, ಇದು ರೀಲ್ಸ್‌ನಲ್ಲಿ ಬರೋ ಥರದ ಕ್ಲೀನಿಂಗ್ ಅಲ್ಲ. ಅಲ್ಲಿ ಒಬ್ಬರು ಚಪ್ಪಾಳೆ ತಟ್ಟಿದ ತಕ್ಷಣ ರೂಮ್ ಖಾಲಿ ಆಗುತ್ತೆ, ಒಂದೇ ಅಳತೆಯ ಇಪ್ಪತ್ತು ಡಬ್ಬ ಸಾಲಾಗಿ ಬಂದು ಕೂರುತ್ತೆ, ಬೇಳೆ ಸುರಿಯೋ ಸದ್ದು ಕೇಳುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ, ನಾನೂ ನೋಡ್ತೀನಿ. ಆದ್ರೆ ಆ ಸಾಮಾನು ಯಾರದ್ದು, ಅದನ್ನ ಯಾಕೆ ಇಷ್ಟು ವರ್ಷ ಇಟ್ಕೊಂಡಿದ್ರು, ತೆಗೆಯುವಾಗ ಯಾರಿಗೆ ಬೇಜಾರಾಯ್ತು ಅಂತ ಯಾರೂ ಹೇಳಲ್ಲ.

ನಮ್ಮದು ಮೈಸೂರಲ್ಲಿ ಬಾಡಿಗೆ ಮನೆ. ಒಂದು ಹಾಲ್, ಎರಡು ರೂಮ್, ಅಡುಗೆಮನೆ. ಅಪ್ಪ, ಅಮ್ಮ, ಅಜ್ಜಿ, ನಾನು, ಪಿಯುಸಿ ಓದ್ತಿರೋ ತಮ್ಮ. ಐದು ಜನ, 43 ರಟ್ಟಿನ ಬಾಕ್ಸ್.

ಒಂದು ವಿಷಯ ಸ್ಪಷ್ಟ ಮಾಡಬೇಕು. ನಮ್ಮ ಮನೆ ಗಲೀಜಾಗಿರಲಿಲ್ಲ. ಅಮ್ಮ ದಿನಾ ಎರಡು ಹೊತ್ತು ಕಸ ಗುಡಿಸ್ತಾಳೆ, ಹೊಸ್ತಿಲು ತೊಳೀತಾಳೆ. ಮನೆ ತುಂಬಿಹೋಗಿತ್ತು ಅಷ್ಟೇ. ಗಲೀಜು ಬೇರೆ, ತುಂಬಿಹೋಗೋದು ಬೇರೆ. ಗಲೀಜಿಗೆ ಪೊರಕೆ ಸಾಕು. ತುಂಬಿಹೋಗಿರೋ ಮನೆಗೆ ಮಾತುಕತೆ ಬೇಕು. ಆ ಮಾತುಕತೆ ನಮ್ಮಲ್ಲಿ ಸುಮಾರು ವರ್ಷ ನಡೆದೇ ಇರಲಿಲ್ಲ.

2/9

ಬಾಕ್ಸ್‌ಗಳಲ್ಲಿ ಏನಿತ್ತು ಅಂತ ಕೇಳ್ತೀರಲ್ಲ? ಅಪ್ಪನ ಅಂಗಡಿ ಇತ್ತು.

ಅಪ್ಪಂದು ಒಂದು ಸ್ಕೂಲ್ ಎದುರು ಪುಟ್ಟ ಸ್ಟೇಷನರಿ ಅಂಡ್ ಫ್ಯಾನ್ಸಿ ಸ್ಟೋರ್. ಹದಿನಾಲ್ಕು ವರ್ಷ ನಡೆಸಿದ್ರು. ಜೂನ್ ಬಂತು ಅಂದ್ರೆ ಅಂಗಡಿ ಮುಂದೆ ನಿಲ್ಲೋಕೆ ಜಾಗ ಇರ್ತಿರಲಿಲ್ಲ. ಲಾಂಗ್ ಬುಕ್, ಬೈಂಡ್ ಹಾಕೋ ಕಂದು ಪೇಪರ್, ಹೆಸರಿನ ಲೇಬಲ್. 2020ರ ಮಾರ್ಚ್‌ನಲ್ಲಿ ಸ್ಕೂಲ್ ಮುಚ್ಚಿದವು. ಆ ವರ್ಷದ ಜೂನ್‌ಗೆ ಅಂತ ತರಿಸಿದ್ದ ಮಾಲು ಹಾಗೇ ಕೂತಿತು. ಬಾಡಿಗೆ ಮಾತ್ರ ತಿಂಗಳು ತಿಂಗಳು ನಡೀತಿತ್ತು. 2021ರಲ್ಲಿ ಅಪ್ಪ ಶಟರ್ ಎಳೆದು ಬೀಗದ ಕೈ ಓನರ್‌ಗೆ ವಾಪಸ್ ಕೊಟ್ರು. ಮಾಲೆಲ್ಲ ಲಗೇಜ್ ಆಟೋದಲ್ಲಿ ಮೂರು ಟ್ರಿಪ್ ಹೊಡೆದು ಮನೆಗೆ ಬಂತು.

"ಸದ್ಯಕ್ಕೆ ಇಲ್ಲಿರ್ಲಿ" ಅಂದ್ರು.

ಮನೆಗಳಲ್ಲಿ "ಸದ್ಯಕ್ಕೆ" ಅಂತ ಇಟ್ಟ ಸಾಮಾನಿನಷ್ಟು ಗಟ್ಟಿಯಾಗಿ ಬೇರೂರೋದು ಬೇರೆ ಯಾವುದೂ ಇಲ್ಲ. ಅಜ್ಜಿ ರೂಮಲ್ಲಿ 17 ಬಾಕ್ಸ್, ಸಜ್ಜದ ಮೇಲೆ 9, ಹಾಲ್‌ನಲ್ಲಿ 8, ಮಂಚದ ಕೆಳಗೆ 6, ಬಚ್ಚಲುಮನೆ ಮೇಲೆ 3. ಅಜ್ಜಿಯ ಹಾಸಿಗೆ ಹಾಲ್‌ಗೆ ಬಂತು. ಮೊದಲ ದೀಪಾವಳಿಗೆ ಹಾಲ್‌ನ ಬಾಕ್ಸ್‌ಗಳ ಮೇಲೆ ಒಂದು ಬೆಡ್‌ಶೀಟ್ ಹೊದಿಸಿದ್ವಿ, ಬಂದವರಿಗೆ ಕಾಣಬಾರದು ಅಂತ. ಆಮೇಲೆ ಆ ಬೆಡ್‌ಶೀಟ್ ಮೇಲೆ ಇಸ್ತ್ರಿ ಬಟ್ಟೆ ಕೂತಿತು, ಅದರ ಮೇಲೆ ತಮ್ಮನ ಬ್ಯಾಗ್, ಅದರ ಮೇಲೆ ಹೆಲ್ಮೆಟ್. ಬಾಕ್ಸ್ ಹೋಗಿ ಟೇಬಲ್ ಆಯ್ತು.

ಅಪ್ಪ ಈಗ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲಿಂಗ್ ನೋಡ್ಕೋತಾರೆ. ಭಾನುವಾರ ರಜ. ಮನೆಯಲ್ಲಿದ್ದಾಗ ಆ ಬಾಕ್ಸ್‌ಗಳ ಕಡೆ ನೋಡೋದೇ ಇಲ್ಲ. ಇದನ್ನ ಗಮನಿಸಿದ್ದು ಅಮ್ಮ. ಆಮೇಲಿಂದ ನಾವು ಯಾರೂ ಆ ವಿಷಯ ಎತ್ತಲಿಲ್ಲ.

3/9

ಈ ವರ್ಷ ಫೆಬ್ರವರಿಯಲ್ಲಿ ಅಜ್ಜಿ ರಾತ್ರಿ ಬಚ್ಚಲಿಗೆ ಹೋಗುವಾಗ ಎಡವಿ ಬಿದ್ದಳು. ಬಲಗೈ ಮಣಿಕಟ್ಟು ಬಿರುಕು ಬಿಟ್ಟಿತು. ಆರು ವಾರ ಪಟ್ಟಿ.

ಆಸ್ಪತ್ರೆಗೆ ನೋಡೋಕೆ ಬಂದವರು ಎಲ್ಲ ಕಾರಣ ಹೇಳಿದ್ರು. ಕತ್ತಲಿತ್ತು ಅಂದ್ರು. ವಯಸ್ಸಾಯ್ತು ಅಂದ್ರು. ಒಬ್ಬಳೇ ಏಳಬಾರದಿತ್ತು, ಯಾರನ್ನಾದ್ರೂ ಕರೀಬೇಕಿತ್ತು ಅಂದ್ರು. ಸ್ವತಃ ಅಜ್ಜಿ "ನನ್ನ ಕಣ್ಣೇ ಸರಿಯಿಲ್ಲ ಬಿಡು" ಅಂದಳು. ಅವಳು ಎಡವಿದ್ದು ಹಾಲ್ ಮೂಲೆಯ ಗ್ರಾಫ್ ಬುಕ್ಕಿನ ಬಾಕ್ಸಿಗೆ. ಅದನ್ನ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ರೆ ಅದು ಅಪ್ಪನಿಗೆ ಹೋಗಿ ತಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

ಅಪ್ಪ ಆವತ್ತು ಏನೂ ಮಾತಾಡದೆ ಆ ಒಂದು ಬಾಕ್ಸ್ ಎತ್ತಿ ತಮ್ಮ ಮಂಚದ ಪಕ್ಕ ಇಟ್ಕೊಂಡ್ರು. ಎಸೀಲಿಲ್ಲ. ಜಾಗ ಬದಲಾಯಿಸಿದ್ರು.

ನನಗೆ ಆಗ ಅರ್ಥ ಆಗಿದ್ದು ಇಷ್ಟು: ಮನೆ ತುಂಬಿರೋದಕ್ಕೆ ಸೋಮಾರಿತನ ಕಾರಣ ಅಂತ ನಾವು ಸುಲಭವಾಗಿ ಹೇಳ್ತೀವಿ. ನಮ್ಮ ಮನೇಲಿ ಸೋಮಾರಿಗಳು ಯಾರೂ ಇಲ್ಲ. ಅಲ್ಲಿ ಕೂತಿದ್ದು ಮುಗಿದುಹೋಗಿರೋ ಒಂದು ಅಂಗಡಿ. ಅದು ಮುಗಿದಿದೆ ಅಂತ ಯಾರೂ ಬರೆದಿರಲಿಲ್ಲ.

4/9

ಅಪ್ಪನ ಕಥೆ ಆಯ್ತು, ಈಗ ಅಮ್ಮಂದು.

ಬಾಕ್ಸ್ ಇಟ್ಟ ಜಾಗದಲ್ಲಿ ಕಸ ಗುಡಿಸೋದು ಹೇಗೆ ಗೊತ್ತಾ? ಬಾಕ್ಸ್ ಎಳೀಬೇಕು, ಹಿಂದೆ ಗುಡಿಸಬೇಕು, ಒರೆಸಬೇಕು, ಒಣಗೋವರೆಗೆ ಕಾಯಬೇಕು (ಇಲ್ಲಾಂದ್ರೆ ರಟ್ಟು ನೆನೆಯುತ್ತೆ), ಮತ್ತೆ ತಳ್ಳಬೇಕು. ಜಿರಳೆ, ಇಲಿ ಬರ್ತವೆ ಅಂತ ವಾರಕ್ಕೊಂದು ಸಲ ಎಲ್ಲ ಇಳಿಸಿ ನೋಡ್ಬೇಕು. ನಾನು ಫೋನಲ್ಲಿ ಟೈಮ್ ಇಟ್ಟೆ. ಬಾಕ್ಸ್ ಇದ್ದಾಗ ಹಾಲ್ ಒಂದಕ್ಕೇ 26 ನಿಮಿಷ. ಬಾಕ್ಸ್ ಹೋದ ಮೇಲೆ 9 ನಿಮಿಷ. ದಿನಕ್ಕೆ 17 ನಿಮಿಷದ ವ್ಯತ್ಯಾಸ. ಒಂದು ವರ್ಷಕ್ಕೆ ಗುಣಿಸಿದ್ರೆ ನೂರು ಗಂಟೆ ದಾಟುತ್ತೆ, ಅದೂ ಒಂದು ಹೊತ್ತಿನ ಲೆಕ್ಕ.

"ಗುಡಿಸೋದು ಕೆಲಸ ಅಲ್ಲ ಕಣೇ, ಎತ್ತಿಡೋದು ಕೆಲಸ" ಅಂತ ಅಮ್ಮ ಯಾವಾಗ್ಲೂ ಅಂತಿದ್ಲು. ಅದನ್ನ ನಿಮಿಷದಲ್ಲಿ ತೋರಿಸಿದಾಗ ಅವಳಿಗೇ ಆಶ್ಚರ್ಯ ಆಯ್ತು.

ಎಕನಾಮಿಕ್ಸ್ ಕ್ಲಾಸಲ್ಲಿ ಬಂದ ಒಂದು ಅಂಕಿ ಇಲ್ಲಿ ಹೇಳ್ಬೇಕು. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಸಮಯ ಬಳಕೆ ಸಮೀಕ್ಷೆ ಮಾಡಿತು. ತಮ್ಮ ಮನೆಯವರಿಗಾಗಿ ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ. ಗಂಡಸರು 97. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ಆಯ್ತು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಈ ಸರಾಸರಿ ಕೆಲಸ ಮಾಡಿದವರ ಮೇಲೆ ಮಾತ್ರ ತೆಗೆದಿದ್ದು. 2019ರಲ್ಲಿ ದಿನಕ್ಕೆ ಒಂದಿಷ್ಟಾದ್ರೂ ಇಂಥ ಕೆಲಸ ಮಾಡಿದ ಹೆಂಗಸರು 81.2%, ಗಂಡಸರು 26.1% ಮಾತ್ರ. ಅಂದ್ರೆ ಕೈಯೇ ಹಾಕದವರು ಆ 97 ನಿಮಿಷದ ಲೆಕ್ಕದಲ್ಲೇ ಇಲ್ಲ.

ಈ ಪೋಸ್ಟ್‌ನ ಎರಡನೇ ಫೋಟೋ ಅಮ್ಮನ ಕೈ. ಪರ್ಮಿಷನ್ ತಗೊಂಡೇ ಹಾಕಿದ್ದೀನಿ.

5/9

ಬಿಕಾಂನವರು ಇಲ್ಲಿ ಸ್ವಲ್ಪ ಎದ್ದು ಕೂತ್ಕೊಳ್ಳಿ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ನೆನಪಿದೆಯಾ? ಇನ್ವೆಂಟರಿಗೆ ಬೆಲೆ ಕಟ್ಟೋದು. ಕೊಂಡ ಬೆಲೆ ಒಂದು ಕಡೆ, ಖರ್ಚು ಕಳೆದು ಮಾರಿದ್ರೆ ಕೈಗೆ ಬರೋ ಬೆಲೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನೇ ಬರೀಬೇಕು. ಎಕ್ಸಾಮ್‌ಗೆ ಇದನ್ನ ಒಂದು ಸಾಲಲ್ಲಿ ಬಾಯಿಪಾಠ ಮಾಡ್ತೀವಿ. ಈ ನಿಯಮ ಯಾಕಿದೆ? ಮನುಷ್ಯರು ತಮ್ಮ ಮಾಲಿನ ಬೆಲೆಯನ್ನ ತಾವು ಕೊಟ್ಟ ದುಡ್ಡಲ್ಲೇ ನೆನಪಿಟ್ಕೋತಾರೆ, ಅದಕ್ಕೆ. ಅಪ್ಪನ ತಲೇಲಿ ಆ ಬಾಕ್ಸ್‌ಗಳು ಇನ್ನೂ 2020ರ ಬೆಲೆಯಲ್ಲೇ ಇದ್ವು. "ಒಂದೂಕಾಲು ಲಕ್ಷಕ್ಕೂ ಮೇಲಿನ ಮಾಲು ಅದು" ಅಂತಿದ್ರು.

ಆ ಕಡೆ ಮಾಲು ಏನಾಗ್ತಿತ್ತು ನೋಡಿ. ಬಾಲ್ ಪೆನ್ನಿನ ಇಂಕ್ ಗಟ್ಟಿಯಾಗುತ್ತೆ. ಸ್ಕೆಚ್ ಪೆನ್ ಒಣಗುತ್ತೆ. ರಬ್ಬರ್ ಬ್ಯಾಂಡ್ ಮೊದಲು ಅಂಟಂಟಾಗಿ ಆಮೇಲೆ ಪುಡಿಯಾಗುತ್ತೆ. ಸೆಲ್ಲೋ ಟೇಪ್ ಹಳದಿಯಾಗಿ ಸುರುಳಿ ಬಿಚ್ಚೋಕೇ ಆಗಲ್ಲ. ಪ್ಲಾಸ್ಟಿಕ್ ಸ್ಕೇಲ್ ಪಕ್ಕ ರಬ್ಬರ್ ಇಟ್ರೆ ಎರಡೂ ಅಂಟಿಕೊಂಡು ಸ್ಕೇಲ್ ಮೇಲೆ ಗುಳಿ ಬೀಳುತ್ತೆ, ರಬ್ಬರ್ ಮೆತ್ತಗಿರ್ಲಿ ಅಂತ ಹಾಕಿರೋ ಎಣ್ಣೆಯಂಥ ಪದಾರ್ಥ ಸ್ಕೇಲ್‌ನ ಕರಗಿಸುತ್ತೆ. ನೋಟ್‌ಬುಕ್ಕಿನ ಅಂಚು ಗಾಳಿ, ಬೆಳಕಿಗೆ ಕಂದಾಗುತ್ತೆ. ಬೈಂಡಿಂಗಿನ ಅಂಟನ್ನ ಹುಳ ತಿನ್ನುತ್ತೆ. ಸಿಲಬಸ್ ಬದಲಾದ ದಿನ ಗೈಡಿನ ಬೆಲೆ ಸೊನ್ನೆ.

ಅಂದ್ರೆ ಮಾಲು ಸುಮ್ನೆ ಕೂತಿರಲಿಲ್ಲ, ದಿನಾ ಬೆಲೆ ಕಳ್ಕೋತಿತ್ತು. ಜೊತೆಗೆ ಇಟ್ಕೊಳ್ಳೋ ಖರ್ಚು ಬೇರೆ. ಗೋಡೌನ್ ಬಾಡಿಗೆ ನಾವು ದುಡ್ಡಲ್ಲಿ ಕಟ್ಟಲಿಲ್ಲ. ಅಜ್ಜಿಯ ರೂಮಲ್ಲಿ, ಅಮ್ಮನ ಸೊಂಟದಲ್ಲಿ ಕಟ್ಟಿದ್ವಿ.

ಇದನ್ನೆಲ್ಲ ಅಪ್ಪನ ಮುಂದೆ ಹೋಗಿ "ಇದು ಸಂಕ್ ಕಾಸ್ಟ್ ಅಪ್ಪ" ಅಂತ ಹೇಳೋಕಾಗುತ್ತಾ? ಹದಿನಾಲ್ಕು ವರ್ಷ ಅಂಗಡಿ ನಡೆಸಿದವರಿಗೆ ಮುಳುಗಿದ ದುಡ್ಡು ಅಂದ್ರೇನು ಅಂತ ನಾನು ಹೇಳಿಕೊಡಬೇಕಾ? ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

6/9

ಸೆಮ್ ರಜೆ ಶುರುವಾದ ಮೊದಲ ಭಾನುವಾರ ತಿಂಡಿ ಆದ್ಮೇಲೆ ಕೇಳಿದೆ: "ಅಪ್ಪ, ಬಿಸಾಕೋದು ಬೇಡ. ಎಣಿಸೋಣ. ಸ್ಟಾಕ್ ಎಷ್ಟಿದೆ ಅಂತ ನೋಡೋಣ."

ಅಪ್ಪ ಸ್ವಲ್ಪ ಹೊತ್ತು ಕಾಫಿ ಲೋಟ ನೋಡ್ತಾ ಇದ್ರು. ಆಮೇಲೆ, "ಎಣಿಸೋದಾದ್ರೆ ಸರಿಯಾಗಿ ಎಣಿಸಬೇಕು, ಪುಸ್ತಕ ತಗೊಂಡ್ ಬಾ" ಅಂದ್ರು.

ಮೂರು ಭಾನುವಾರ ಹಿಡೀತು. ತಮ್ಮ ಬಾಕ್ಸ್ ಇಳಿಸೋದು, ನಾನು ಬರೆಯೋದು, ಅಪ್ಪ ಹೇಳೋದು. ನೋಡ್ಬೇಕಿತ್ತು ನೀವು. ಬಿಲ್ ನೋಡದೇ ಬೆಲೆ ಹೇಳ್ತಿದ್ರು. ಯಾವ ಕಂಪಾಸ್ ಬಾಕ್ಸ್ ಡಜನ್‌ಗೆ ಎಷ್ಟಕ್ಕೆ ಬಂತು, ಯಾವ ಕ್ಲಿಪ್ ಯಾವ ಹಬ್ಬಕ್ಕೆ ಓಡ್ತಿತ್ತು, ಯಾವ ಮಗು ದಿನಾ ಒಂದೇ ಪೆನ್ಸಿಲ್ ತಗೊಂಡು ಹೋಗ್ತಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳ್ತಿದ್ಲು. ನಮ್ಮ ಹಾಲ್‌ನಲ್ಲಿ ಮೂರು ವಾರ ಅಂಗಡಿ ಮತ್ತೆ ತೆರೆದಂಗಿತ್ತು.

ನಾಲ್ಕು ಗುಂಪು ಮಾಡಿದ್ವಿ. ನಿಮಗೂ ಉಪಯೋಗಕ್ಕೆ ಬರಬಹುದು:

ಒಂದು, ಮಾರಬಹುದಾದದ್ದು. ಒಳ್ಳೆ ನೋಟ್‌ಬುಕ್, ಬ್ರೌನ್ ಪೇಪರ್ ರೋಲ್, ಬಳೆ, ಕ್ಲಿಪ್.

ಎರಡು, ಕೊಡಬಹುದಾದದ್ದು. ಕಂಪಾಸ್ ಬಾಕ್ಸ್, ಎಕ್ಸಾಮ್ ಪ್ಯಾಡ್, ಪೆನ್ಸಿಲ್. ಪೆನ್ಸಿಲ್ ಮಾತ್ರ ಕೆಡದೆ ಹಾಗೇ ಇತ್ತು. ಕೊಡೋ ಸಾಮಾನು ನಾವೇ ಖುಷಿಯಿಂದ ಬಳಸೋ ಥರ ಇರಬೇಕು, ಕೆಟ್ಟಿದ್ದನ್ನ ದಾನ ಅಂತ ಸಾಗಹಾಕಬಾರದು. ಇದು ಅಜ್ಜಿ ಹಾಕಿದ ರೂಲ್.

ಮೂರು, ಮನೆಗೆ. ತಮ್ಮನಿಗೂ ನನಗೂ ಡಿಗ್ರಿ ಮುಗಿಯೋವರೆಗೆ ಪುಸ್ತಕ ಕೊಳ್ಳಬೇಕಿಲ್ಲ.

ನಾಲ್ಕು, ರದ್ದಿ ಮತ್ತು ಕಸ. ಪೇಪರ್ ಬೇರೆ, ಪ್ಲಾಸ್ಟಿಕ್ ಬೇರೆ, ಹಳೇ ಕ್ಯಾಲ್ಕುಲೇಟರ್ ಮತ್ತು ಅದರ ಸೆಲ್ ಬೇರೆ. ಸೆಲ್‌ಗಳನ್ನ ಹಸಿ ಕಸದ ಜೊತೆ ಹಾಕ್ಬೇಡಿ ದಯವಿಟ್ಟು.

"ಆಮೇಲೆ ನೋಡೋಣ" ಅನ್ನೋ ಐದನೇ ಗುಂಪು ಮಾಡೋಕೆ ತಮ್ಮ ಎರಡು ಸಲ ಟ್ರೈ ಮಾಡಿದ. ಬಿಡಲಿಲ್ಲ.

7/9

ಲೆಕ್ಕ ಇಲ್ಲಿದೆ. ಅಪ್ಪನ ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ.

ತೆರೆದ 41 ಬಾಕ್ಸ್‌ನ ಮಾಲು, ಕೊಂಡ ಬೆಲೆಯಲ್ಲಿ: 1,31,600 ರೂಪಾಯಿ.
ಅಪ್ಪನ ಪರಿಚಯದ ಬುಕ್ ಸ್ಟಾಲ್‌ನವರು ತಗೊಂಡಿದ್ದು: 18,900.
ರದ್ದಿ 140 ಕೆಜಿ, ಕೆಜಿಗೆ 12ರ ಹಾಗೆ: 1,680.
ಒಂದು ಸರ್ಕಾರಿ ಶಾಲೆಗೆ ಕೊಟ್ಟಿದ್ದು, ಕೊಂಡ ಬೆಲೆಯಲ್ಲಿ: 6,200.
ಮನೆಗೆ ಇಟ್ಕೊಂಡಿದ್ದು (ಡ್ರಾಯಿಂಗ್ಸ್ ಅಂತ ಬರೆಯೋದು, ನೆನಪಿದೆಯಲ್ಲ): 3,400.
ಉಳಿದಿದ್ದು 1,01,420.

ಮೂರನೇ ಭಾನುವಾರ ಸಂಜೆ ಈ ಕೊನೆ ಸಾಲಿನ ಮುಂದೆ ನಾನು ಏನೂ ಬರೆಯದೆ ಪೆನ್ ಹಿಡ್ಕೊಂಡು ಕೂತಿದ್ದೆ. ಅಪ್ಪ ಪುಸ್ತಕ ತಮ್ಮ ಕಡೆ ತಿರುಗಿಸ್ಕೊಂಡು ಕೂಡಿ ಕಳೆದು ಒಂದು ಸಲ ಚೆಕ್ ಮಾಡಿದ್ರು. ಲೆಕ್ಕ ಸರಿಯಿತ್ತು.

"ಲಾಸ್ ಅಂತ ಬರ್ಕೋ" ಅಂದ್ರು.

ಬರೆದೆ. ಅಮ್ಮ ಟೀ ತಂದಳು. ಯಾರೂ ಅಳಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಅಪ್ಪ ಸ್ವಲ್ಪ ಹೊತ್ತಾದ್ಮೇಲೆ, "ಆ ಬ್ರೌನ್ ಪೇಪರಿಗೆ ಅವನು ಕಮ್ಮಿ ಕೊಟ್ಟ, ಇನ್ನೂ ಇನ್ನೂರು ಕೇಳಬೇಕಿತ್ತು" ಅಂದ್ರು. ಅದನ್ನ ಕೇಳಿ ನನಗೆ ಸಮಾಧಾನ ಆಯ್ತು.

8/9

ಈಗ ಉಲ್ಟಾ ಮಾತು. ಎಲ್ಲಾನೂ ತೆಗೆದುಹಾಕೋದೇ ಕ್ಲೀನಿಂಗ್ ಅಲ್ಲ.

ಬಾಕ್ಸ್ ಖಾಲಿಯಾದ ಜೋಶ್‌ನಲ್ಲಿ ತಮ್ಮ ಅಡುಗೆಮನೆಗೆ ನುಗ್ಗಿದ. ನೀರಿನ ಎರಡು ಡ್ರಮ್ ಯಾಕೆ, ಇಷ್ಟು ಸ್ಟೀಲ್ ಡಬ್ಬ ಯಾಕೆ, ಅಜ್ಜಿಯ ಹಳೇ ಸೀರೆ ಯಾಕೆ ಅಂದ. ಮುಟ್ಟಿದಾಗ ಖುಷಿ ಕೊಟ್ರೆ ಮಾತ್ರ ಇಟ್ಕೋಬೇಕು ಅಂತ ಜಪಾನಿನ ಮರಿ ಕೊಂಡೋ ಹೇಳ್ತಾರಂತೆ. ನಿಜ, ಅವರ ಪುಸ್ತಕ ಪ್ರಪಂಚದ ತುಂಬ ಓಡಿತು, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶೋ ಬಂತು. ಆದ್ರೆ ನಲ್ಲಿ ನೀರು ದಿನ ಬಿಟ್ಟು ದಿನ ಬರೋ ಮನೆಯಲ್ಲಿ ಡ್ರಮ್ ಖುಷಿ ಕೊಡುತ್ತಾ ಅಂತ ಕೇಳೋದಲ್ಲ. ಡ್ರಮ್ ಬೇಕು ಅಷ್ಟೇ. ಅಂದಹಾಗೆ, ಮೂರು ಮಕ್ಕಳಾದ ಮೇಲೆ ಮೊದಲಿನಷ್ಟು ಅಚ್ಚುಕಟ್ಟು ಆಗ್ತಿಲ್ಲ, ಅದನ್ನ ಸುಮಾರಾಗಿ ಬಿಟ್ಟಿದ್ದೀನಿ ಅಂತ 2023ರಲ್ಲಿ ಸ್ವತಃ ಅವರೇ ಹೇಳಿದ್ರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಆಗ.

ಅಜ್ಜಿಯ ಹಳೇ ಹತ್ತಿ ಸೀರೆಗಳಲ್ಲಿ ಎರಡು ಸಂಡಿಗೆ ಒಣಹಾಕೋಕೆ, ಒಂದು ಹರಿದು ಮಸಿಬಟ್ಟೆ ಮಾಡೋಕೆ. ಉತ್ತರ ಕರ್ನಾಟಕದ ಕಡೆಯವರಾದ್ರೆ ಇವನ್ನೆಲ್ಲ ಸೇರಿಸಿ ಕೌದಿ ಹೊಲೀತಿದ್ರು. ದಸರಾ ಗೊಂಬೆ ಪೆಟ್ಟಿಗೆ ವರ್ಷದಲ್ಲಿ ಹತ್ತು ದಿನ ಮಾತ್ರ ಹೊರಗೆ ಬರುತ್ತೆ, ಆದ್ರೂ ಅದರ ಜಾಗ ಅದರದ್ದೇ.

ಅಜ್ಜಿ ಅಂದಿದ್ದು: "ಬಳಸೋದು ಬೇರೆ, ಬಚ್ಚಿಡೋದು ಬೇರೆ." ನಾವು ಇದನ್ನೇ ರೂಲ್ ಮಾಡ್ಕೊಂಡ್ವಿ. ಒಂದು ಸಾಮಾನನ್ನ ಕೊನೇ ಸಲ ಯಾವಾಗ ಬಳಸಿದ್ವಿ, ಮುಂದೆ ಯಾವ ಕೆಲಸಕ್ಕೆ ಬೇಕು ಅಂತ ಯಾರಾದ್ರೂ ಒಬ್ರು ಹೇಳೋಕಾದ್ರೆ ಅದು ಇರುತ್ತೆ. ಯಾರದ್ದು ಅಂತಲೇ ಗೊತ್ತಿಲ್ಲದ ಚಾರ್ಜರ್, ಮುಚ್ಚಳ ಇಲ್ಲದ ಟಿಫನ್, ಮದುವೆಗಳಲ್ಲಿ ಬಂದ ಒಂದೇ ಥರದ ಏಳನೇ ಗೋಡೆ ಗಡಿಯಾರ ಹೊರಗೆ.

9/9

ಕೊನೇದು. ಖಾಲಿ ಮಾಡೋದು ಮೂರು ವಾರದ ಕೆಲಸ, ಖಾಲಿ ಇಟ್ಕೊಳ್ಳೋದು ದಿನದ ಕೆಲಸ. ನಮ್ಮ ಮನೆಯ ಗೋಡೆ ಕ್ಯಾಲೆಂಡರ್ ಮೇಲೆ ಈಗ ಕೆಲಸದ ಪಕ್ಕ ಹೆಸರಿದೆ. ರಾತ್ರಿ ಪಾತ್ರೆ ಅಪ್ಪಂದು. ಕಸ ಗುಡಿಸೋದು, ಕಸದ ಗಾಡಿಗೆ ಕೊಡೋದು ತಮ್ಮಂದು. ಬಟ್ಟೆ ಒಗೆಯೋದು, ಮಡಚೋದು ನಂದು. ಅಡುಗೆ ಅಮ್ಮಂದು, ಭಾನುವಾರ ಬಿಟ್ಟು. "ಅಮ್ಮಂಗೆ ಹೆಲ್ಪ್ ಮಾಡೋದು" ಅನ್ನೋ ಮಾತು ಕ್ಯಾಲೆಂಡರ್‌ನಲ್ಲಿ ಇಲ್ಲ. ಹೆಲ್ಪ್ ಅಂದ್ರೆ ಕೆಲಸ ಅವಳದ್ದೇ ಅಂತಾಯ್ತಲ್ಲ. ಡಬ್ಬಗಳ ಮೇಲೆ ಲೇಬಲ್ ಹಚ್ಚಿದ್ದೀವಿ, ಅಪ್ಪನ ಅಂಗಡಿಯ ಅದೇ ಸ್ಕೂಲ್ ಲೇಬಲ್. "ಅಮ್ಮ, ಜೀರಿಗೆ ಎಲ್ಲಿ" ಅನ್ನೋದು ಕಮ್ಮಿಯಾಗಿದೆ.

ಎರಡು ವಾರ ಚೆನ್ನಾಗಿ ನಡೀತು. ಇಂಟರ್ನಲ್ಸ್ ಬಂದ ವಾರ ಎಲ್ಲ ಕುಸೀತು. ಅದಕ್ಕೇ ಕಷ್ಟದ ವಾರಕ್ಕೆ ಅಂತ ಮೂರೇ ಕೆಲಸದ ಚಿಕ್ಕ ಪಟ್ಟಿ ಮಾಡಿದ್ವಿ: ಮಲಗೋ ಮುಂಚೆ ಸಿಂಕ್ ಖಾಲಿ, ಒದ್ದೆ ಬಟ್ಟೆ ಬಕೆಟ್‌ನಲ್ಲಿ ಬಿಡಬಾರದು, ಅಜ್ಜಿ ರೂಮಿಂದ ಬಚ್ಚಲಿನವರೆಗೆ ನೆಲದ ಮೇಲೆ ಏನೂ ಇರಬಾರದು. ಉಳಿದಿದ್ದು ಆಮೇಲೆ ಮಾಡಿದ್ರೂ ಮನೆ ಬಿದ್ದುಹೋಗಲ್ಲ. ಬಾಗಿಲ ಹತ್ತಿರ ಒಂದು ಬುಟ್ಟಿ ಇದೆ, ಹೊರಗೆ ಹೋಗಬೇಕಾದ್ದು ಅದಕ್ಕೆ. ತಿಂಗಳ ಕೊನೆ ಭಾನುವಾರ ಬುಟ್ಟಿ ಖಾಲಿ ಆಗಲೇಬೇಕು.

ಅಜ್ಜಿ ಈಗ ತನ್ನ ರೂಮಲ್ಲೇ ಮಲಗ್ತಾಳೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲವಂತೆ, ಟಿವಿ ಸದ್ದಿಲ್ಲದೆ.

43ರಲ್ಲಿ ಎರಡು ಬಾಕ್ಸ್ ತೆರೆದಿಲ್ಲ. ಅದರಲ್ಲಿ ಅಂಗಡಿಯ ಲೆಕ್ಕದ ಪುಸ್ತಕಗಳು, ಸಾಲದ ಪುಸ್ತಕಗಳು ಇವೆ. ಯಾರ್ಯಾರು ಎಷ್ಟು ಕೊಡಬೇಕಿತ್ತು ಅಂತ ಅಪ್ಪನ ಕೈಬರಹದಲ್ಲಿದೆ. ಅವು ಸಜ್ಜದ ಮೇಲಿವೆ, ಯಾರ ಕಾಲಿಗೂ ಸಿಗಲ್ಲ. ಅಪ್ಪನಿಗೆ ಯಾವಾಗ ಬೇಕೋ ಆಗ ತೆರೀತಾರೆ, ನಾವು ಕೇಳಲ್ಲ.

ನಿಮ್ಮ ಮನೇಲಿ "ಸದ್ಯಕ್ಕೆ" ಅಂತ ಬಂದು ಕೂತಿರೋದು ಏನು? ಕಾಮೆಂಟಲ್ಲಿ ಹೇಳಿ. ಯಾರದ್ದು ಅಂತಲೂ ಹೇಳಿ, ಅವರ ಹತ್ತಿರ ಎಣಿಸೋಣ ಬನ್ನಿ ಅಂತ ಒಂದ್ಸಲ ಕೇಳಿ ನೋಡಿ. ಪೆನ್ಸಿಲ್ ಬೇಕಾದವರು ಮೆಸೇಜ್ ಮಾಡಿ, ಇನ್ನೂ ಎರಡು ಡಜನ್ ಇದೆ.

#ಮನೆಲೆಕ್ಕ #ಬಿಕಾಂಡೈರಿ #ಮೈಸೂರು #ಸದ್ಯಕ್ಕೆಇರ್ಲಿ